‘ಒಂದ್ನಿಮಿಷ ಮಾಮ’ನ ಹೊಸ ಫ್ಲ್ಯಾಶ್

ನಮ್ಮೂರಿನ ಮಕ್ಕಳಲ್ಲಿ ಬಹಳ ಜನರಿಗೆ ನನ್ನ ನಿಜವಾದ ಹೆಸರು ಗೊತ್ತಿಲ್ಲ. ಅವರಿಗೆ ನಾನು ‘ಒಂದ್ನಿಮಿಷ ಮಾಮ’. ಸ್ಕೂಟರಿನಲ್ಲಿ ಶಾಲೆಯ ಮುಂದೆ ಹೋದರೆ ಸಾಕು, ಕಾಂಪೌಂಡಿನ ಒಳಗಿಂದ ಯಾರಾದರೂ ಒಬ್ಬ ಒಂದು ಕಣ್ಣು ಮುಚ್ಚಿ, ಕೈಯನ್ನು ಕ್ಯಾಮೆರಾದಂತೆ ಹಿಡಿದು, “ಒಂದ್ನಿಮಿಷ... ಇನ್ನೊಂದ್ಸಲ!” ಎಂದು ಕೂಗುತ್ತಾನೆ. ಉಳಿದವರು ಗೊಳ್ಳೆಂದು ನಗುತ್ತಾರೆ. ನಾನೂ ನಗುತ್ತೇನೆ. ಈ ಹೆಸರು ನನಗೆ ಬಂದದ್ದು ನನ್ನ ಹಳೆಯ ಫ್ಲ್ಯಾಶ್‌ನ ಕೃಪೆಯಿಂದ.

ಸಾಗರ ಸೀಮೆಯ ಒಂದು ಹಳ್ಳಿಯಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ. ಪಾಸ್‌ಪೋರ್ಟ್ ಅಳತೆಯ ಫೋಟೊ, ಲ್ಯಾಮಿನೇಷನ್‌ಗಳಿಂದ ಅಂಗಡಿಯ ಬಾಡಿಗೆ ಹುಟ್ಟುತ್ತದೆ. ನಾಮಕರಣ, ಉಪನಯನ, ಮದುವೆ, ಶಾಲೆಯ ವಾರ್ಷಿಕೋತ್ಸವಗಳಿಂದ ಮನೆಯ ಖರ್ಚು ನಡೆಯುತ್ತದೆ. ಈ ಸಮಾರಂಭಗಳಲ್ಲಿ ಮುಕ್ಕಾಲು ಪಾಲು ನಡೆಯುವುದು ಒಳಮನೆಯ ಅರೆಗತ್ತಲಲ್ಲಿ, ಇಲ್ಲವೇ ರಾತ್ರಿ. ಹಾಗಾಗಿ ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಇಲ್ಲದೆ ನನ್ನ ಕೆಲಸ ಸಾಗುವುದಿಲ್ಲ.

ಹಳೆಯ ಫ್ಲ್ಯಾಶ್ ಒಮ್ಮೆ ಮಿಂಚಿದರೆ ಮತ್ತೆ ಮಿಂಚಲು ಹತ್ತು ಸೆಕೆಂಡು ಬೇಕಿತ್ತು. ಯಾಕೆ ಹಾಗೆ ಎಂದು ಮಕ್ಕಳು ಕೇಳಿದರೆ ನಾನು ಬಚ್ಚಲುಮನೆಯ ಹಂಡೆಯ ಉದಾಹರಣೆ ಕೊಡುತ್ತೇನೆ. ಫ್ಲ್ಯಾಶ್‌ನ ಒಳಗೆ ಕೆಪಾಸಿಟರ್ ಎಂಬ ಒಂದು ‘ಹಂಡೆ’ ಇರುತ್ತದೆ. ನಾಲ್ಕು ಪುಟ್ಟ ಸೆಲ್‌ಗಳು ಸಣ್ಣ ನಲ್ಲಿಯಿದ್ದಂತೆ. ಅವು ತೊಟ್ಟಿಕ್ಕಿಸುತ್ತಾ ಆ ಹಂಡೆಯನ್ನು ಸುಮಾರು 300 ವೋಲ್ಟ್‌ವರೆಗೆ ತುಂಬುತ್ತವೆ. ನಾವು ಕ್ಯಾಮೆರಾದ ಗುಂಡಿ ಒತ್ತಿದಾಗ ಹಂಡೆ ಒಂದೇ ಸಲ ಬೋರಲಾಗುತ್ತದೆ. ಆ ವಿದ್ಯುತ್ತೆಲ್ಲ ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ನುಗ್ಗಿ ಕಣ್ಣು ಕೋರೈಸುವ ಬೆಳಕಾಗುತ್ತದೆ. ಮತ್ತೆ ಹಂಡೆ ತುಂಬುವವರೆಗೆ ಕಾಯಬೇಕು. ಸೆಲ್ ಸೊರಗಿದಷ್ಟೂ ನಲ್ಲಿ ಸಣ್ಣದಾಗುತ್ತದೆ, ಕಾಯುವ ಹೊತ್ತು ಉದ್ದವಾಗುತ್ತದೆ. ಆ ಹತ್ತು ಸೆಕೆಂಡು ತುಂಬಲು ನಾನು ಹೇಳುತ್ತಿದ್ದ ಮಾತೇ “ಒಂದ್ನಿಮಿಷ”. ಅಷ್ಟರಲ್ಲಿ ಮದುಮಗಳ ನಗು ಬಾಡಿರುತ್ತಿತ್ತು. ಅದಕ್ಕೇ “ಇನ್ನೊಂದ್ಸಲ”!

ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ಒಂದು ಉಪನಯನದ ಮನೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ವಟು ಭಿಕ್ಷೆಗೆ ಕೂತಿದ್ದ. ಮೊದಲು ತಾಯಿ ಭಿಕ್ಷೆ ನೀಡಿದರು. ನಾನು ಫೋಟೊ ತೆಗೆದೆ. ಅದೇ ಕ್ಷಣದಲ್ಲಿ, ಯಾರೂ ಕರೆಯದಿದ್ದರೂ, ಒಳಗಿಂದ ಆ ಹುಡುಗನ ಮುತ್ತಜ್ಜಿ ಗೋಡೆ ಹಿಡಿದುಕೊಂಡು ಬಂದರು. ಬೆನ್ನು ಪೂರ್ತಿ ಬಾಗಿತ್ತು. ನಡುಗುವ ಕೈಯಿಂದ ಒಂದು ಹಿಡಿ ಅಕ್ಕಿ ಹಾಕಿದರು. ಆಮೇಲೆ ಕೈಗೆ ಅಂಟಿದ್ದ ಕಾಳುಗಳನ್ನು ಸೆರಗಿಗೆ ಒರೆಸಿಕೊಂಡು, ಹುಡುಗನ ಗಲ್ಲ ಹಿಡಿದು ಮುಖವನ್ನೇ ನೋಡುತ್ತಾ ನಿಂತರು. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಕಚ್ ಎಂದಿತು. ಫ್ಲ್ಯಾಶ್ ಮಿಂಚಲಿಲ್ಲ. ಅದರ ಹಂಡೆ ಇನ್ನೂ ತುಂಬಿರಲಿಲ್ಲ. “ಒಂದ್ನಿಮಿಷ ಅಜ್ಜಿ” ಎಂದೆ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಒಳಗೆ ಹೋಗಿಬಿಟ್ಟರು.

ಮೂರು ತಿಂಗಳ ನಂತರ ಆ ಮನೆಯ ಯಜಮಾನರು ಅಂಗಡಿಗೆ ಬಂದರು. “ಅಜ್ಜಿ ಹೋಗಿಬಿಟ್ಟರು. ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಉಪನಯನದಲ್ಲಿ ಮಾಣಿಯ ಗಲ್ಲ ಹಿಡಿದಿದ್ದರಲ್ಲ, ಅದೇ ಆದರೆ ಚೆನ್ನಾಗಿತ್ತು” ಎಂದರು. ನಾನು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದು, ಎಷ್ಟು ಸಾಧ್ಯವೋ ಅಷ್ಟು ಬೆಳಕು ಏರಿಸಿದೆ. ಮಣ್ಣಿನಂಥ ಬಣ್ಣದೊಳಗೆ ಒಂದು ಬಾಗಿದ ಆಕಾರ ಕಂಡಿತು, ಅಷ್ಟೇ. ಅವರು ಒಂದು ಮಾತೂ ಆಡಲಿಲ್ಲ. ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಫೋಟೊವನ್ನೇ ದೊಡ್ಡದು ಮಾಡಿಸಿಕೊಂಡು ಹೋದರು. ಅದರಲ್ಲಿ ಅಜ್ಜಿ ಯಾರನ್ನೋ ಕಂಡು ಹೆದರಿದವರಂತೆ ಕಾಣುತ್ತಿದ್ದರು.

ಅಂದು ರಾತ್ರಿ ಊಟ ಸೇರಲಿಲ್ಲ. ಹೊಸ ಫ್ಲ್ಯಾಶ್ ತೆಗೆದುಕೊಳ್ಳಲೇಬೇಕು ಎಂದು ಮನೆಯಲ್ಲಿ ಹೇಳಿದೆ. ಹೇಳುವುದು ಸುಲಭ. ಡಬ್ಬಿಯಲ್ಲಿ ಎಂಟು ಸಾವಿರ ರೂಪಾಯಿ ಇತ್ತು. ಜೂನ್ ತಿಂಗಳು ಎದುರಿಗಿತ್ತು, ಮಗಳ ಶಾಲೆಯ ಶುಲ್ಕದ ಹಣ ಮುಟ್ಟುವಂತಿರಲಿಲ್ಲ. ನನ್ನ ಕ್ಯಾಮೆರಾ ಕಂಪನಿಯದೇ ದೊಡ್ಡ ಫ್ಲ್ಯಾಶ್‌ಗೆ ನನ್ನ ಬಜೆಟ್ಟಿನ ಮೂರುಪಟ್ಟು ಬೆಲೆ. ಒಬ್ಬ ಗೆಳೆಯ, “ಫ್ಲ್ಯಾಶ್ ಯಾಕೆ, ಸಾಲ ಮಾಡಿ ಹೊಸ ಕ್ಯಾಮೆರಾನೇ ತಗೋ ಮಾರಾಯ” ಎಂದ. ನನಗೂ ಆಸೆ ಹುಟ್ಟಿತು.

ಆಗ ಏಳನೇ ತರಗತಿಯಲ್ಲಿದ್ದ ಮಗಳು ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆರೆದು ಕೂತಳು. “ಅಪ್ಪಾ, ಆವತ್ತು ಕೈಕೊಟ್ಟಿದ್ದು ಯಾವುದು? ಕ್ಯಾಮೆರಾನಾ, ಫ್ಲ್ಯಾಶಾ?”

“ಫ್ಲ್ಯಾಶ್.”

“ಫ್ಲ್ಯಾಶ್‌ನಲ್ಲಿ ಯಾವುದು?”

ನಾನು ಯೋಚಿಸಿದೆ. “ತಡವಾಗಿ ತುಂಬೋದು.”

“ಹಾಗಾದರೆ ಮೊದಲು ಅದನ್ನ ಸರಿಮಾಡು.”

ದೊಡ್ಡವರಿಗೆ ಹೊಳೆಯದ ದಾರಿ ಕೆಲವೊಮ್ಮೆ ಮಕ್ಕಳಿಗೆ ನೇರವಾಗಿ ಕಾಣುತ್ತದೆ. ನಾನು ಅಲ್ಲಿಯವರೆಗೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್‌ಗಳನ್ನೇ ಫ್ಲ್ಯಾಶ್‌ಗೂ ಹಾಕುತ್ತಿದ್ದೆ. ಮೊದಲ ಖರ್ಚಾಗಿ ಎಂಟು ರೀಚಾರ್ಜಬಲ್ ಸೆಲ್ ಮತ್ತು ಒಂದು ಚಾರ್ಜರ್ ತಂದೆ, ಒಟ್ಟು 1,900 ರೂಪಾಯಿ. ಮಗಳು ಸೆಲ್‌ನ ಮೈಮೇಲಿನ ಅಕ್ಷರ ಓದಿ ಹುಬ್ಬು ಗಂಟಿಕ್ಕಿದಳು. “ಸಾದಾ ಸೆಲ್ 1.5 ವೋಲ್ಟ್. ಇದು ಬರೀ 1.2 ವೋಲ್ಟ್. ಕಡಿಮೆ ಇರೋದು ಹೇಗೆ ಒಳ್ಳೇದು?” ಒಳ್ಳೆಯ ಪ್ರಶ್ನೆ. ಎರಡು ಕೊಡ ಇವೆ ಎಂದುಕೊಳ್ಳಿ. ಒಂದು ಸ್ವಲ್ಪ ಎತ್ತರದಲ್ಲಿದೆ, ಆದರೆ ಅದರ ಬಾಯಿ ಕಿರಿದು. ಇನ್ನೊಂದು ಸ್ವಲ್ಪ ತಗ್ಗಿನಲ್ಲಿದೆ, ಆದರೆ ಬಾಯಿ ಅಗಲ. ಹಂಡೆ ಬೇಗ ತುಂಬುವುದು ಬಾಯಿ ಅಗಲವಿದ್ದ ಕೊಡದಿಂದಲೇ. ರೀಚಾರ್ಜಬಲ್ ಸೆಲ್‌ನ ಒಳಗೆ ವಿದ್ಯುತ್ತಿಗೆ ತಡೆ ಕಡಿಮೆ, ಹಾಗಾಗಿ ಅದು ಕೇಳಿದಷ್ಟನ್ನು ಸರಸರನೆ ಕೊಡುತ್ತದೆ. ನನ್ನ ಹಳೆಯ ಫ್ಲ್ಯಾಶ್‌ನ ಹತ್ತು ಸೆಕೆಂಡು ಅಂದೇ ಆರಕ್ಕೆ ಇಳಿಯಿತು.

ಆದರೆ ಆರು ಸೆಕೆಂಡೂ ಮುತ್ತಜ್ಜಿಯರಿಗೆ ಹೆಚ್ಚೇ. ಜೊತೆಗೆ ಅದಕ್ಕೆ ಇನ್ನೊಂದು ಕೊರತೆಯಿತ್ತು. ಅದರ ಕತ್ತು ತಿರುಗುತ್ತಿರಲಿಲ್ಲ, ಬೆಳಕನ್ನು ನೇರವಾಗಿ ಮುಖಕ್ಕೇ ಎರಚುತ್ತಿತ್ತು. ಉಳಿದದ್ದು 6,100 ರೂಪಾಯಿ. ಪರಿಚಯದವರೊಬ್ಬರು ತಮ್ಮ ತಂದೆಯ ಕಾಲದ ಫ್ಲ್ಯಾಶ್ ಒಂದನ್ನು ಪುಕ್ಕಟೆ ಕೊಡುತ್ತೇನೆಂದರು. ಕೈ ಮುಗಿದು ಬೇಡವೆಂದೆ. ರೀಲು ಕ್ಯಾಮೆರಾ ಕಾಲದ ಕೆಲವು ಫ್ಲ್ಯಾಶ್‌ಗಳ ಬುಡದಲ್ಲಿ 200 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಇರುತ್ತದೆ. ಹಿಂದಿನ ಗಟ್ಟಿ ಕ್ಯಾಮೆರಾಗಳು ಅದನ್ನು ತಡೆದುಕೊಳ್ಳುತ್ತಿದ್ದವು, ಇಂದಿನ ಡಿಜಿಟಲ್ ಕ್ಯಾಮೆರಾದ ಸೂಕ್ಷ್ಮ ಮಿದುಳು ಸುಟ್ಟುಹೋಗಬಹುದು. ಪುಕ್ಕಟೆ ಬಂದದ್ದು ಕೆಲವೊಮ್ಮೆ ಎಲ್ಲಕ್ಕಿಂತ ದುಬಾರಿ.

ಕೊನೆಗೆ ಬೇರೆ ಕಂಪನಿಯೊಂದರ ಸಾದಾ ಮಾದರಿ ಆರಿಸಿಕೊಂಡೆ, 5,600 ರೂಪಾಯಿಗೆ. ಎಷ್ಟು ಬೆಳಕು ಬೇಕೆಂದು ತಾನೇ ಲೆಕ್ಕ ಹಾಕುವ ಜಾಣತನ ಅದಕ್ಕಿಲ್ಲ. ನಾನೇ ತಿರುಗಿಸಿ ಹೇಳಬೇಕು: ಪೂರ್ತಿ, ಅರ್ಧ, ಕಾಲು, ಅರೆಕಾಲು ಎಂದು. ಬುದ್ಧಿವಂತ ಮಾದರಿಗೆ ಹಣ ಹೆಚ್ಚು, ಕಲಿಯುವುದಕ್ಕೆ ಹಣ ಬೇಡ. ಆದರೆ ಕತ್ತು ಮೇಲಕ್ಕೂ ಪಕ್ಕಕ್ಕೂ ಹಿಂದಕ್ಕೂ ತಿರುಗಲೇಬೇಕು ಎಂಬುದರಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಡಬ್ಬಿಯ ಮೇಲೆ ‘ಗೈಡ್ ನಂಬರ್ 60’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅದಕ್ಕೆ ಮರುಳಾಗಬಾರದು. ಗೈಡ್ ನಂಬರ್ ಎಂದರೆ ಫ್ಲ್ಯಾಶ್ ಎಷ್ಟು ದೂರ ಬೆಳಕು ಕೊಡಬಲ್ಲದು ಎಂಬುದರ ಅಳತೆ. ಅದನ್ನು ಲೆನ್ಸ್‌ನ ಎಫ್ ಅಂಕಿಯಿಂದ ಭಾಗಿಸಿದರೆ ಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. 40 ಇದ್ದರೆ, ಎಫ್ 4ರಲ್ಲಿ 10 ಮೀಟರ್, ಎಫ್ 8ರಲ್ಲಿ 5 ಮೀಟರ್. ಆದರೆ ಡಬ್ಬಿಯ ಮೇಲಿನ ಆ ದೊಡ್ಡ ಅಂಕಿ ಬೆಳಕನ್ನು ಕಿರಿದಾಗಿ ಕೂಡಿಸಿ ಬಿಟ್ಟಾಗಿನದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಹಾಗೆ. ಮದುವೆಮನೆಯಲ್ಲಿ ಹತ್ತು ಜನರ ಮೇಲೆ ಅಗಲವಾಗಿ ಚೆಲ್ಲಿದಾಗ ಆ ಅಂಕಿ ಬಹಳ ಇಳಿಯುತ್ತದೆ.

ಉಳಿದ ಐನೂರರಲ್ಲಿ ಮೂರು ಮಸಾಲೆ ದೋಸೆ ತಿಂದೆವು. ಮಗಳು ಅದನ್ನೂ ಲೆಕ್ಕದಲ್ಲಿ ಬರೆದಳು.

ಹೊಸ ಫ್ಲ್ಯಾಶ್ ಬಂದರೆ ಫೋಟೊಗಳೂ ಹೊಸದಾಗುತ್ತವೆ ಎಂದುಕೊಂಡಿದ್ದೆ. ಮೊದಲ ನಾಮಕರಣದ ಫೋಟೊ ನೋಡಿ ಮುಖ ಸಪ್ಪಗಾಯಿತು. ಕಾಯುವುದೇನೋ ತಪ್ಪಿತ್ತು. ಆದರೆ ಮುಂದೆ ಕೂತವರ ಮುಖ ಸುಣ್ಣ ಬಳಿದಂತೆ, ಹಿಂದೆ ನಿಂತವರು ಕತ್ತಲಲ್ಲಿ, ಗೋಡೆಯ ಮೇಲೆ ಪ್ರತಿಯೊಬ್ಬರ ಬೆನ್ನಿಗೂ ಒಂದು ಕಪ್ಪು ದೆವ್ವ! ಅಂದರೆ ನೆರಳು.

ಅಂದು ಸಂಜೆ ಕರೆಂಟು ಹೋದಾಗ ಮಗಳೂ ನಾನೂ ಟಾರ್ಚ್ ಹಿಡಿದು ಆಟ ಆಡಿದೆವು. ಮಕ್ಕಳೇ, ನೀವೂ ಆಡಿ ನೋಡಿ. ಟಾರ್ಚನ್ನು ಗೋಡೆಯಿಂದ ಒಂದು ಮಾರು ದೂರದಲ್ಲಿ ಹಿಡಿದು ಬೆಳಕಿನ ವೃತ್ತದ ಅಗಲ ನೋಡಿ. ಎರಡು ಮಾರು ದೂರ ಹೋದರೆ ವೃತ್ತದ ಅಗಲವೂ ಎರಡರಷ್ಟು, ಎತ್ತರವೂ ಎರಡರಷ್ಟು. ಅಂದರೆ ಅಷ್ಟೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗಬೇಕು. ದೂರ ದುಪ್ಪಟ್ಟಾದರೆ ಬೆಳಕು ಕಾಲು ಭಾಗ. ಮುಂದಿನವರು ಬಿಳಿಚಿ ಹಿಂದಿನವರು ಮುಳುಗಿದ್ದು ಇದರಿಂದಲೇ. ಆಮೇಲೆ ಮಗಳು ನನ್ನ ಮುಖಕ್ಕೆ ನೇರ ಟಾರ್ಚ್ ಬಿಟ್ಟಳು. ಕಣ್ಣು ತಾನಾಗಿ ಮುಚ್ಚಿತು. ಅದೇ ಟಾರ್ಚನ್ನು ಸುಣ್ಣ ಬಳಿದ ತಾರಸಿಗೆ ತಿರುಗಿಸಿದಳು. ಇಡೀ ಕೋಣೆ ಬೆಳಗಿತು. ಅವಳ ಮುಖವೂ ಕಂಡಿತು, ಮೂಲೆಯಲ್ಲಿದ್ದ ಅಕ್ಕಿ ಡಬ್ಬಿಯೂ ಕಂಡಿತು. ಕರಿ ನೆರಳು ಮಾತ್ರ ಕಾಣಲಿಲ್ಲ.

ಪುಟ್ಟ ಟಾರ್ಚ್ ಹೋಗಿ ಇಡೀ ತಾರಸಿಯೇ ದೀಪವಾಗಿತ್ತು. ಬೆಳಕಿನ ಮೂಲ ಅಗಲವಾದಷ್ಟೂ ನೆರಳು ಮೆದು. ಅಂದಿನಿಂದ ಕಲ್ಯಾಣ ಮಂಟಪಗಳಿಗೆ ಹೋದರೆ ಮೊದಲು ತಲೆಯೆತ್ತಿ ತಾರಸಿ ನೋಡುವುದು ರೂಢಿಯಾಯಿತು. ಒಮ್ಮೆ ಮಾತ್ರ ಮೋಸಹೋದೆ. ಹಸಿರು ಗೋಡೆಗೆ ಫ್ಲ್ಯಾಶ್ ತಿರುಗಿಸಿ, ಮದುಮಗನಿಗೆ ಎಳೆ ಬಾಳೆಲೆಯ ಬಣ್ಣ ಬರಿಸಿದೆ. ಬೆಳಕು ತಾನು ಮುಟ್ಟಿ ಬಂದ ಗೋಡೆಯ ಬಣ್ಣವನ್ನು ಹೊತ್ತು ತರುತ್ತದೆ.

ಮುಂದಿನ ಪರೀಕ್ಷೆ ಬಂದದ್ದು ಹಳೆಯ ತೊಟ್ಟಿಮನೆಯೊಂದರ ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯಲ್ಲಿ. ಸಾವಿರ ಹುಣ್ಣಿಮೆ ಕಾಣಲು ಸುಮಾರು 80 ವರ್ಷ 10 ತಿಂಗಳು ಬೇಕು. ಹಿಂದಿನ ದಿನ ಮಾತಾಡಿಸಲು ಹೋದಾಗ, ಅಜ್ಜನ ಮೊಮ್ಮಗಳು, ಹತ್ತು ವರ್ಷದವಳು, ನನ್ನ ಅಂಗಿ ಜಗ್ಗಿ ಪಕ್ಕಕ್ಕೆ ಕರೆದಳು. ಮನೆಯ ಆಲ್ಬಮ್‌ಗಳನ್ನು ತಂದು ತೋರಿಸಿದಳು. “ನೋಡಿ ಮಾಮ, ಒಂದರಲ್ಲೂ ಅಜ್ಜನ ಕಣ್ಣಿಲ್ಲ.”

ನಿಜ. ಮಗನ ಮದುವೆ, ಗೃಹಪ್ರವೇಶ, ಮೊಮ್ಮಗಳ ನಾಮಕರಣ, ಎಲ್ಲದರಲ್ಲೂ ಅಜ್ಜ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಅದರಲ್ಲಿ ಕೆಲವು ನಾನೇ ತೆಗೆದವು. ಆ ಹಿಂದಿನ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಆಗಿತ್ತು, ಜೋರು ಬೆಳಕು ಕಂಡರೆ ಅವರಿಗೆ ಇನ್ನಷ್ಟು ಕಿರಿಕಿರಿ.

ಅಜ್ಜನನ್ನೇ ಕೇಳಿದೆ. ಅವರು ನಕ್ಕರು. “1966ರಲ್ಲಿ ನನ್ನ ಮದುವೆ. ಫೋಟೋದವ ಒಂದು ತಟ್ಟೆಯಷ್ಟು ಅಗಲದ ಕನ್ನಡಿ, ಅದರ ನಡುವೆ ಒಂದು ಬಲ್ಬು ಇಟ್ಟುಕೊಂಡು ಬಂದಿದ್ದ. ಒಂದು ಬಲ್ಬಿಗೆ ಒಂದೇ ಪಟ. ಉರಿದ ಬಲ್ಬು ಕಿತ್ತು ಎಸೆದರೆ ಹುಡುಗರು ಆಡೋಕೆ ಹೆಕ್ಕಿಕೊಳ್ಳೋವರು, ಬಿಸಿಗೆ ಕೈ ಸುಟ್ಟುಕೊಳ್ಳೋವರು. ನನ್ನ ಮುಖದ ಮುಂದೆ ಒಂದು ಬಲ್ಬು ಟಪ್ ಅಂತ ಒಡೀತು ನೋಡು. ಅವತ್ತಿಂದ ಕ್ಯಾಮೆರಾ ಎತ್ತಿದರೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತೆ. ನನ್ನ ಮಾತು ಕೇಳೋದಿಲ್ಲ.”

ಅಜ್ಜನ ಬಲ್ಬಿಗಿಂತಲೂ ಹಿಂದೆ ಇನ್ನೂ ಭಯಂಕರವಾಗಿತ್ತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿ ಬೆರೆಸಿದ ಒಂದು ಮಿಶ್ರಣ ಕಂಡುಹಿಡಿದರು. ಅದನ್ನು ತಟ್ಟೆಯಲ್ಲಿಟ್ಟು ಹೊತ್ತಿಸಿದರೆ ಬೆಳಕಿನ ಜೊತೆ ಹೊಗೆ, ಸದ್ದು, ಒಮ್ಮೊಮ್ಮೆ ಬೆಂಕಿಯ ಅವಘಡ. ನಂತರ ಗಾಜಿನೊಳಗೆ ಉರಿದುಹೋಗುವ ಬಲ್ಬು ಬಂತು. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ ಮತ್ತೆ ಮತ್ತೆ ಮಿಂಚುವ ವಿದ್ಯುತ್ ಫ್ಲ್ಯಾಶನ್ನು ಬಳಕೆಗೆ ತಂದರು. ಹಾಲಿನ ಹನಿ ಬಿದ್ದು ಕಿರೀಟದಂತೆ ಚಿಮ್ಮುವ ಪ್ರಸಿದ್ಧ ಚಿತ್ರ ಅವರದೇ. ನನ್ನ 5,600 ರೂಪಾಯಿಯ ಫ್ಲ್ಯಾಶ್ ಅದರ ಮೊಮ್ಮಗುವೆನ್ನಬಹುದು.

ಮರುದಿನ ಬೆಳಿಗ್ಗೆ ಆ ಮನೆಯ ಒಳಜಗಲಿಗೆ ಹೋಗಿ, ಅಭ್ಯಾಸಬಲದಿಂದ ತಲೆಯೆತ್ತಿದೆ. ಎದೆ ಧಸಕ್ಕೆಂದಿತು. ತಲೆಯ ಮೇಲೆ ನೂರು ವರ್ಷದ ಹೊಗೆ ಕುಡಿದ ಹಲಗೆಯ ಮುಚ್ಚಿಗೆ, ಕಾಡಿಗೆಯಷ್ಟು ಕಪ್ಪು. ಅಲ್ಲಿಗೆ ಎಷ್ಟು ಬೆಳಕು ಎಸೆದರೂ ನುಂಗಿಬಿಡುತ್ತದೆ, ಒಂದಿಷ್ಟೂ ಹಿಂದೆ ಕೊಡುವುದಿಲ್ಲ. ಗೋಡೆಗಳಿಗೆ ಕೆಮ್ಮಣ್ಣಿನ ಬಣ್ಣ. ಎರಡು ಸಲ ಪ್ರಯತ್ನಿಸಿದೆ, ಎರಡೂ ಕತ್ತಲು. ಹೋಮ ಶುರುವಾಗುವುದರಲ್ಲಿತ್ತು. ಮತ್ತೆ ಮುಖಕ್ಕೇ ಫ್ಲ್ಯಾಶ್ ಹೊಡೆಯಬೇಕೇ? ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಆ ಕ್ಷಣ ನನಗೆ ನೆನಪಾದದ್ದು ಗೋಡೆ ಹಿಡಿದು ಒಳಗೆ ಹೋದ ಆ ಮುತ್ತಜ್ಜಿ.

ಆಗ ಅಂಗಳದಲ್ಲಿ ಒಣಗಲು ಹಾಕಿದ್ದ ಅಜ್ಜನ ಬಿಳಿ ಪಂಚೆ ಕಣ್ಣಿಗೆ ಬಿತ್ತು.

“ಪುಟ್ಟಿ, ಆ ಪಂಚೆ ತರ್ತೀಯಾ?”

ಅವಳು ಓಡಿಹೋಗಿ ತಂದಳು. ಎರಡು ಮಡಿಕೆ ಮಾಡಿ, ನಾನು ನಿಲ್ಲುವ ಜಾಗದ ಹಿಂದೆ ಒಂದೂವರೆ ಅಡಿ ಎಡಕ್ಕೆ, ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ತೂಗುಹಾಕಿದೆವು. ಫ್ಲ್ಯಾಶ್‌ನ ಕತ್ತನ್ನು ಅಜ್ಜನಿಂದ ಪೂರ್ತಿ ಹಿಂದಕ್ಕೆ ತಿರುಗಿಸಿ ಪಂಚೆಯ ಕಡೆ ಮಾಡಿದೆ. ಪಂಚೆ ಕುಡಿಯುವ ಬೆಳಕಿಗೆ ಬದಲಾಗಿ ಕ್ಯಾಮೆರಾದ ಐಎಸ್ಒ 800ಕ್ಕೆ ಏರಿಸಿ ಅದರ ಕಣ್ಣು ಚುರುಕುಮಾಡಿದೆ. ಹಾಗಾಗಿ ಫ್ಲ್ಯಾಶ್‌ಗೆ ಕಾಲು ಭಾಗದ ಶಕ್ತಿಯೇ ಸಾಕಾಯಿತು. ಇದರಲ್ಲಿ ಇನ್ನೊಂದು ಲಾಭ. ಹಂಡೆಯಲ್ಲಿ ಕಾಲು ಭಾಗ ಮಾತ್ರ ಖಾಲಿಯಾದರೆ ಮತ್ತೆ ತುಂಬಲು ಒಂದು ಸೆಕೆಂಡೂ ಬೇಡ.

“ಅದೇನೋ, ನನ್ನ ಪಂಚೆಗೇ ಫೋಟೊ ಹೊಡೀತಿದ್ದೀಯಲ್ಲೋ!” ಎಂದರು ಅಜ್ಜ. ಸುತ್ತಲಿದ್ದವರೆಲ್ಲ ನಕ್ಕರು.

ನಾನು ಗುಂಡಿ ಒತ್ತಿದೆ. ಬೆಳಕು ಬೆನ್ನಹಿಂದೆ ಎಲ್ಲೋ ಮಿಂಚಿ, ಬೆಳಗಿನ ಕಿಟಕಿಯ ಬೆಳಕಿನಂತೆ ಪಕ್ಕದಿಂದ ಮೆಲ್ಲನೆ ಬಂತು. ಅಜ್ಜ ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆಂದು ಆ ಕಣ್ಣಿಗೆ ಗೊತ್ತೇ ಆಗಲಿಲ್ಲ.

“ಯಾವಾಗ ತೆಗೀತೀಯ?” ಎಂದು ಕೇಳಿದರು.

“ತೆಗೆದಾಯ್ತು ಅಜ್ಜ.”

“ಆಯ್ತಾ?” ಎಂದು ಬೆರಗಿನಿಂದ ಅವರು ಹುಬ್ಬೇರಿಸಿದಾಗ ಮತ್ತೊಂದು. ಮೊಮ್ಮಗಳು ಓಡಿಬಂದು ಅವರ ತೊಡೆಯ ಮೇಲೆ ಕೂತು, ತನ್ನ ಎರಡೂ ಕೈಯಿಂದ ಅವರ ಕನ್ನಡಕ ಸರಿಮಾಡಿದಾಗ ಮತ್ತೊಂದು. ಅವರು ಅವಳ ಮುಖ ನೋಡಿದಾಗ ಇನ್ನೊಂದು. ನಾಲ್ಕು ಫೋಟೊ, ನಾಲ್ಕು ಸಲವೂ ಫ್ಲ್ಯಾಶ್ ಮಿಂಚಿತು. ನಾನು ಒಂದು ಸಲವೂ “ಒಂದ್ನಿಮಿಷ” ಎನ್ನಲಿಲ್ಲ.

ಒಂದು ವಾರದ ಮೇಲೆ ಆ ಕೊನೆಯ ಫೋಟೊವನ್ನು ದೊಡ್ಡದಾಗಿ ಮುದ್ರಿಸಿ ನಾನೇ ಕೊಟ್ಟುಬಂದೆ. ಅಜ್ಜ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ನನ್ನ ಕಣ್ಣು ನಮ್ಮಪ್ಪಯ್ಯನ ಹಾಗೇ ಇದೆಯಲ್ಲೋ. ಇಷ್ಟು ವರ್ಷ ನಂಗೇ ಗೊತ್ತಿರಲಿಲ್ಲ” ಎಂದರು. ಗೋಡೆಗೆ ಹಾಕಲು ಮೊಳೆ ತಂದ ಮಗನಿಗೆ, “ಈಗಲೇ ಯಾಕೆ ಗೋಡೆಗೆ? ನಾನಿನ್ನೂ ಇದ್ದೇನೆ, ಇಲ್ಲೇ ಇರಲಿ” ಎಂದು ಗದರಿ, ಕವಳದ ತಟ್ಟೆಯ ಪಕ್ಕ ಇಟ್ಟುಕೊಂಡರು.

ನನ್ನ ಕ್ಯಾಮೆರಾ ಚೀಲದಲ್ಲಿ ಈಗ ಒಂದು ಬಿಳಿ ಪಂಚೆ ಖಾಯಂ ಆಗಿ ಇರುತ್ತದೆ. ಹಳೆಯ ಫ್ಲ್ಯಾಶ್ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಸೆಲ್ ತೆಗೆದಿಟ್ಟಿದ್ದೇನೆ. ಆದರೂ ಮಕ್ಕಳಿಗೆ ಒಂದು ಮಾತು: ಎಷ್ಟೇ ಹಳೆಯದಾದರೂ ಫ್ಲ್ಯಾಶನ್ನು ಬಿಚ್ಚಿ ಒಳಗೆ ಬೆರಳಿಡಬೇಡಿ. ಸೆಲ್ ಇಲ್ಲದಿದ್ದರೂ ಅದರ ಹಂಡೆಯಲ್ಲಿ ಉಳಿದ ವಿದ್ಯುತ್ ಅಪಾಯಕಾರಿಯಾಗಿ ಹೊಡೆಯಬಹುದು.

ಆ ಕಪಾಟಿನ ಮುಂದೆ ನಿಂತಾಗ ಕೆಲವೊಮ್ಮೆ ಆ ಕತ್ತಲ ಚಿತ್ರ ನೆನಪಾಗುತ್ತದೆ. ಅದನ್ನು ನಾನು ಅಳಿಸಿಲ್ಲ. ಮಣ್ಣಿನ ಬಣ್ಣದೊಳಗೆ ಬಾಗಿ ನಿಂತ ಆ ಆಕಾರ, ಅದರ ಕೈ ತುದಿಯಲ್ಲಿ ಒಂದು ಹುಡುಗನ ಗಲ್ಲ. ನೋಡಿದವರಿಗೆ ಏನೂ ಕಾಣುವುದಿಲ್ಲ. ನನಗೆ ಎಲ್ಲವೂ ಕಾಣುತ್ತದೆ.

ಶಾಲೆಯ ಮಕ್ಕಳು ಈಗಲೂ ನನ್ನನ್ನು ‘ಒಂದ್ನಿಮಿಷ ಮಾಮ’ ಎಂದೇ ಕೂಗುತ್ತಾರೆ. ಫ್ಲ್ಯಾಶ್ ಬದಲಾಯಿಸಲು ಎಂಟು ಸಾವಿರ ಸಾಕಾಯಿತು, ಹೆಸರು ಬದಲಾಯಿಸಲು ಎಷ್ಟಾಗುತ್ತದೋ ಮಗಳನ್ನೇ ಕೇಳಬೇಕು.